ಮಗುವಿನ ಮೈಯಲ್ಲಿ ಗಂಟು, ಕಲೆ ಕಂಡರೆ: ಮೊದಲು ಎಣಿಸಿ ನೋಡಿ

"ಅಕ್ಕ, ಪಾಪುವಿನ ಬೆನ್ನಲ್ಲಿ ಒಂದು ಗಂಟು ಬಂದಿದೆ. ಕ್ಯಾನ್ಸರ್ ಆಗಿರಬಹುದಾ?" ಒಂದು ಮಸುಕು ಫೋಟೋ ಜೊತೆಗೆ ಈ ಪ್ರಶ್ನೆ ಬಾರದ ವಾರವಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬರುತ್ತದೆ, ಪೆರ್ಲದಿಂದ ಬರುತ್ತದೆ, ಮುಳ್ಳೇರಿಯದಿಂದ ಬರುತ್ತದೆ. ಒಬ್ಬೊಬ್ಬರಿಗೇ ಉತ್ತರ ಬರೆದು ಬೆರಳು ನೋಯತೊಡಗಿತು. ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ, ಮಕ್ಕಳ ವಿಭಾಗದಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು. ರೋಗ ಯಾವುದು ಎಂದು ಹೇಳುವುದು ಡಾಕ್ಟರ ಕೆಲಸ. ಅವರ ಎದುರು ಸರಿಯಾದ ಸಮಯಕ್ಕೆ, ಸರಿಯಾದ ವಿವರ ಹಿಡಿದುಕೊಂಡು ಕೂರುವುದು ಹೇಗೆ ಎಂಬುದಷ್ಟನ್ನೇ ನಾನು ಹೇಳಬಲ್ಲೆ.

ಕ್ಯಾನ್ಸರಾ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಚರ್ಮದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ 'ಅಲ್ಲ' ಎಂದು ಕೇಳಿದ ಕೂಡಲೇ ಜನ ಎದ್ದು ಹೊರಟುಬಿಡುತ್ತಾರೆ, ಎಡವುವುದು ಅಲ್ಲೇ. ತಾನಾಗಿ ಏನೂ ಮಾಡದ ಗಂಟು ಕೆಲವೊಮ್ಮೆ ಮಿದುಳು, ಕಣ್ಣು, ಕರುಳು, ಹೃದಯದಲ್ಲಿ ನಡೆಯುತ್ತಿರುವುದರ ಸುಳಿವಾಗಿರುತ್ತದೆ. ಆ ಸುಳಿವು ಒಂದು ಗಂಟನ್ನು ದಿಟ್ಟಿಸಿ ನೋಡಿದರೆ ಸಿಗುವುದಿಲ್ಲ. ಅಂಥದ್ದು ಎಷ್ಟಿವೆ, ಎಲ್ಲಿವೆ, ಜೊತೆಗೆ ಬೇರೇನಿದೆ, ಮನೆಯಲ್ಲಿ ಇನ್ನು ಯಾರಿಗಿದೆ ಎಂದು ನೋಡಿದರೆ ಸಿಗುತ್ತದೆ.

ಕೆಲವು ಪದ ಗೊತ್ತಿರಲಿ. ಟ್ಯೂಮರ್ ಎಂದರೆ ಗಡ್ಡೆ, ಅಷ್ಟೇ. ರಿಪೋರ್ಟಿನಲ್ಲಿ ಈ ಪದ ಕಂಡು ಅಳಬೇಡಿ. ಬಿನೈನ್ ಎಂದರೆ ಬೇರೆ ಅಂಗಕ್ಕೆ ಹರಡದ, ಕ್ಯಾನ್ಸರ್ ಅಲ್ಲದ ಗಡ್ಡೆ. ಜೀನ್ ಎಂದರೆ ದೇಹ ಹೇಗೆ ಬೆಳೆಯಬೇಕು ಎಂದು ಹೇಳುವ, ಅಪ್ಪ ಅಮ್ಮನಿಂದ ಬರುವ ಬರಹ. ಆ ಬರಹದಲ್ಲಿ ಒಂದು ಅಕ್ಷರ ತಪ್ಪಿದರೂ ಕೆಲವೊಮ್ಮೆ ತೊಂದರೆ. ಸಿಂಡ್ರೋಮ್ ಎಂದರೆ ಒಟ್ಟಿಗೆ ಕಾಣಿಸಿಕೊಳ್ಳುವ ಲಕ್ಷಣಗಳ ಗುಂಪು.

ಬೇಕಾದದ್ದು ಇಷ್ಟೇ: ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್, ಮೊಬೈಲ್, ಒಂದು ನೋಟ್‌ಬುಕ್, ಬೆಳಗಿನ ಬೆಳಕು.

1. ಮೀಯಿಸುವ ಹೊತ್ತಿಗೆ ಇಡೀ ಮೈ ನೋಡಿ

ಆಸ್ಪತ್ರೆಯ ಓಪಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಮಗು ಅಳುತ್ತದೆ, ಅಂಗಿ ತೆಗೆಯಲು ಬಿಡುವುದಿಲ್ಲ, ಹಿಂದೆ ನಲವತ್ತು ಟೋಕನ್ ಕಾಯುತ್ತಿರುತ್ತವೆ. ಡಾಕ್ಟರು ನೀವು ತೋರಿಸಿದ ಒಂದು ಗಂಟು ನೋಡಿ ಕಳಿಸುತ್ತಾರೆ. ಹಾಗಾಗಿ ಇಡೀ ಮೈ ನೋಡುವ ಕೆಲಸ ಮನೆಯಲ್ಲೇ ಆಗಬೇಕು.

ಎಣ್ಣೆ ಹಚ್ಚುವ ಮೊದಲು ಕಣ್ಣಿನಿಂದ ನೋಡಿ. ಎಣ್ಣೆಯ ಹೊಳಪಿನಲ್ಲಿ ತಿಳಿ ಬಣ್ಣದ ಕಲೆ ಕಾಣುವುದಿಲ್ಲ. ಬಚ್ಚಲಿನ ಹೊಗೆಯಲ್ಲಿ, ಮಂದ ಬಲ್ಬಿನ ಅಡಿಯಲ್ಲಿ ಬೇಡ, ಜಗಲಿಯಲ್ಲಿ ಕೂರಿಸಿಕೊಳ್ಳಿ. ಎಣ್ಣೆ ಹಚ್ಚಿದ ಮೇಲೆ ಕೈಯಿಂದ ನೋಡಿ. ಚರ್ಮದ ಅಡಿಯ ಸಣ್ಣ ಗಂಟು ಕಣ್ಣಿಗಿಂತ ಮೊದಲು ಜಾರುವ ಅಂಗೈಗೆ ಸಿಗುತ್ತದೆ. ಮಗುವನ್ನು ದಿನಾ ಮೀಯಿಸುವ ಅಜ್ಜಿಯನ್ನು ಕೇಳಿ. "ಅದು ಎರಡು ತಿಂಗಳಿಂದ ಉಂಟಲ್ಲ, ನಿಮಗೆ ಗೊತ್ತಿಲ್ವಾ?" ಎಂಬ ಉತ್ತರ ನಾನು ಎಷ್ಟು ಸಲ ಕೇಳಿದ್ದೇನೋ.

ಜನ ಬಿಟ್ಟುಬಿಡುವ ಜಾಗಗಳು: ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕೂದಲಿನ ಒಳಗೆ, ಉಗುರಿನ ಬುಡ, ಬೆನ್ನಿನ ನಡು ಗೆರೆ, ಹಿಮ್ಮಡಿಯ ಹಿಂಭಾಗ. ಹತ್ತು ದಾಟಿದ ಮಕ್ಕಳು ಹೀಗೆ ತೋರಿಸಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಏನು ನೋಡಬೇಕೆಂದು ಹೇಳಿಕೊಡಿ, ಅವರೇ ಕನ್ನಡಿ ಹಿಡಿದು ನೋಡಿ ಹೇಳಲಿ.

2. ಅಳೆಯಿರಿ, ಬರೆಯಿರಿ, ಫೋಟೋ ತೆಗೆಯಿರಿ

ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಒಂದು ಹತ್ತಿರದಿಂದ, ಇನ್ನೊಂದು ಮೈಯ ಯಾವ ಭಾಗ ಎಂದು ಗೊತ್ತಾಗುವಷ್ಟು ದೂರದಿಂದ. ಸ್ಕೇಲ್ ಕೈಗೆ ಸಿಗದಿದ್ದರೆ ಒಂದು ಕಾಳುಮೆಣಸು ಇಟ್ಟರೂ ಆದೀತು, ಅದು ಸುಮಾರು 5 ಮಿಲಿಮೀಟರ್ ಇರುತ್ತದೆ. ಈ 5 ಮಿಲಿಮೀಟರ್ ಮುಂದೆ ಮತ್ತೆ ಮತ್ತೆ ಬರುತ್ತದೆ, ನೆನಪಿಡಿ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು: ಹುಟ್ಟುವಾಗಲೇ ಇತ್ತಾ, ಯಾವಾಗ ಕಂಡಿತು, ಬೆಳೆಯುತ್ತಿದೆಯಾ, ನೋವಿದೆಯಾ, ಒಟ್ಟು ಎಷ್ಟು. 'ತುಂಬಾ' ಎಂದು ಬರೆಯಬೇಡಿ. ಏಳು ಇದ್ದರೆ ಏಳು.

3. ನಿರುಪದ್ರವಿಗಳನ್ನು ಮೊದಲು ಬದಿಗಿಡಿ

ನಡುವೆ ಸಣ್ಣ ಗುಳಿ ಇರುವ, ಮುತ್ತಿನ ಹಾಗೆ ಹೊಳೆಯುವ ಗುಳ್ಳೆಗಳು ಹೆಚ್ಚಾಗಿ ಮೊಲಸ್ಕಂ ಎಂಬ ವೈರಸ್‌ನಿಂದ ಬಂದವು. ಒರಟು ನರೂಲಿಯೂ ವೈರಸ್ಸೇ. ಇವು ಎಷ್ಟೇ ಇದ್ದರೂ ಸಾಮಾನ್ಯವಾಗಿ ಜೀನ್ ಸುದ್ದಿ ಅಲ್ಲ. ಅಂಟುತ್ತವೆ, ತಿಂಗಳುಗಳ ನಂತರ ಹೋಗುತ್ತವೆ. ಪುಟ್ಟ ಮಗುವಿನ ಸೊಂಟ, ಕುಂಡೆಯ ಮೇಲಿನ ಚಪ್ಪಟೆ ನೀಲಿ ಕಲೆ ನಮ್ಮ ಕಡೆಯ ಮಕ್ಕಳಲ್ಲಿ ಬಹಳ ಸಾಮಾನ್ಯ. ಒಂದೆರಡು ಸಣ್ಣ ಕಪ್ಪು ಮಚ್ಚೆ ಯಾರಿಗಿಲ್ಲ ಹೇಳಿ?

ಎಚ್ಚರಿಕೆ: ನರೂಲಿಗೆ ಗೇರೆಣ್ಣೆ ಹಚ್ಚುವುದು, ಸುಣ್ಣ-ಸೋಡಾ ಕಲಸಿ ಮಚ್ಚೆ ಸುಡುವುದು, ಕೂದಲು ಬಿಗಿದು ಕಟ್ಟುವುದು ನಮ್ಮಲ್ಲಿ ಇನ್ನೂ ಇದೆ. ಗೇರೆಣ್ಣೆ ಚರ್ಮವನ್ನು ನಿಜವಾಗಿಯೂ ಸುಡುತ್ತದೆ. ಗಾಯ ಆಗುವುದು ಒಂದು ತೊಂದರೆ. ಅದು ಮೊದಲು ಏನಾಗಿತ್ತು ಎಂದು ಆಮೇಲೆ ಯಾರೂ ಹೇಳಲಾಗದಂತೆ ಆಗುವುದು ಇನ್ನೂ ದೊಡ್ಡ ತೊಂದರೆ.

4. ಕೆಂಪು ಗಡ್ಡೆ: ಬಾಣಂತನ ಮುಗಿಯಲಿ ಎಂದು ಕಾಯಬೇಡಿ

ಹುಟ್ಟಿದ ಕೆಲವು ದಿನ ಅಥವಾ ವಾರಗಳಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ನೋಡನೋಡುತ್ತಿದ್ದಂತೆ ಉಬ್ಬಿ ಸ್ಟ್ರಾಬೆರಿ ಬಣ್ಣದ ಗಡ್ಡೆಯಾಗುತ್ತದೆ. ಇದು ಹೆಮಾಂಜಿಯೋಮ, ರಕ್ತನಾಳಗಳ ಗಡ್ಡೆ. ಹೆಣ್ಣು ಮಕ್ಕಳಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದವರಲ್ಲಿ ಜಾಸ್ತಿ. ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವುದಲ್ಲ. ವರ್ಷ ಕಳೆದ ಹಾಗೆ ತಾನಾಗಿ ಬಣ್ಣ ಬಿಟ್ಟು ಕುಗ್ಗುತ್ತದೆ. ಹಾಗಾಗಿ "ಬಿಡಿ, ಹೋಗುತ್ತದೆ" ಎಂಬ ಮಾತು ಬಹುಪಾಲು ಸರಿ.

ಸರಿಯಾಗದಿರುವುದು ಈ ಸಂದರ್ಭಗಳಲ್ಲಿ: ಕಣ್ಣಿನ ಹತ್ತಿರ ಇದ್ದರೆ ದೃಷ್ಟಿ ಬೆಳೆಯದೆ ಉಳಿಯಬಹುದು. ಗಡ್ಡ ಬರುವ ಜಾಗದಲ್ಲಿ ಹರಡಿದ್ದರೆ ಉಸಿರುನಾಳದಲ್ಲೂ ಇರಬಹುದು. ಮುಖದ ಒಂದು ಬದಿಯನ್ನೇ ಮುಚ್ಚುವಷ್ಟು ದೊಡ್ಡದಿದ್ದರೆ ಮಿದುಳಿನ ರಕ್ತನಾಳ, ಹೃದಯ, ಕಣ್ಣು ನೋಡಿಸಬೇಕು. ಗಡ್ಡೆಯ ಜೊತೆ ಇವುಗಳಲ್ಲೂ ತೊಂದರೆ ಇದ್ದರೆ ಫೇಸ್ ಸಿಂಡ್ರೋಮ್ ಎನ್ನುತ್ತಾರೆ. ಸೊಂಟದ ಕೆಳಗೆ ದೊಡ್ಡದಾಗಿದ್ದರೆ ಬೆನ್ನುಹುರಿ ನೋಡಿಸಬೇಕು. ಮೈಮೇಲೆ 5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪಿತ್ತಜನಕಾಂಗದ (ಲಿವರ್) ಸ್ಕ್ಯಾನ್ ಮಾಡಿಸಬೇಕು. ಹುಣ್ಣಾಗಿ ರಕ್ತ ಬಂದರೂ ತೋರಿಸಬೇಕು.

ಮದ್ದು ಇದೆ. ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್ ಎಂಬ ಹಳೇ ಮದ್ದು ಈ ಗಡ್ಡೆಯನ್ನು ಕುಗ್ಗಿಸುತ್ತದೆ ಎಂಬುದು 2008ರಲ್ಲಿ ಫ್ರಾನ್ಸಿನ ಡಾಕ್ಟರುಗಳ ಕಣ್ಣಿಗೆ ಬಿದ್ದದ್ದು, ಅದೂ ಬೇರೆ ಕಾರಣಕ್ಕೆ ಕೊಟ್ಟಾಗ. ಈಗ ಅದೇ ಮುಖ್ಯ ಚಿಕಿತ್ಸೆ. ಆದರೆ ಗಡ್ಡೆ ಅತಿ ವೇಗವಾಗಿ ಬೆಳೆಯುವುದು ಮೊದಲ ಎರಡು ಮೂರು ತಿಂಗಳಲ್ಲಿ. ಅಂದರೆ ಸರಿಯಾಗಿ ನಮ್ಮಲ್ಲಿ ತಾಯಿ ಮಗು ಹೊರಗೆ ಕಾಲಿಡದೆ ತವರಲ್ಲಿ ಕೂತಿರುವ ಕಾಲ! "ಬಾಣಂತನ ಮುಗಿಸಿ ಬಂದ ಮೇಲೆ ತೋರಿಸೋಣ" ಎಂದು ಕಾದವರು, ಬೆಳೆಯಬೇಕಾದಷ್ಟು ಬೆಳೆದ ಮೇಲೆ ಬರುತ್ತಾರೆ. ಮೇಲೆ ಹೇಳಿದ ಜಾಗಗಳಲ್ಲಿ ಇದ್ದರೆ ಮೊದಲ ತಿಂಗಳಲ್ಲೇ ಹೊರಡಿ, ಚೊಚ್ಚಲ ಬಾಣಂತಿ ಆದರೂ ಸರಿ.

ಮದ್ದು ಶುರುವಾದ ಮೇಲೆ ಒಂದು ಮಾತು: ಹಾಲು ಕುಡಿಸದೆ ಇದನ್ನು ಕೊಡಬಾರದು. ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ ಆ ಹೊತ್ತಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಸಕ್ಕರೆ ಅಂಶ ಇಳಿದು ಮಗು ಸುಸ್ತಾಗಿಬಿಡಬಹುದು.

5. ಚಹಾ ಬಣ್ಣದ ಕಲೆಗಳು: ಆರರ ಲೆಕ್ಕ

ಈ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಹಾಲು ಹಾಕಿದ ಕಾಫಿ, ಚಹಾ ಬಣ್ಣದ ಚಪ್ಪಟೆ ಕಲೆ. ಅಂಚು ಸ್ಪಷ್ಟ. ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಒಂದೋ ಎರಡೋ ಇದ್ದರೆ ಸುಮ್ನೆ ಬಿಡಿ, ಆರೋಗ್ಯವಂತ ಮಕ್ಕಳಲ್ಲೂ ಇರುತ್ತದೆ. ಕಾಳುಮೆಣಸಿಗಿಂತ ದೊಡ್ಡವು 6 ಅಥವಾ ಹೆಚ್ಚು ಇದ್ದರೆ ತೋರಿಸಲೇಬೇಕು. ಹರೆಯ ಬಂದವರಲ್ಲಿ ಅಳತೆ 15 ಮಿಲಿಮೀಟರಿಗಿಂತ ದೊಡ್ಡದು ಎಂದು ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಮೈ ಬೆಳೆದಂತೆ ಕಲೆಯೂ ಹಿಗ್ಗುತ್ತದೆ.

ಡಾಕ್ಟರ ಮನಸ್ಸಿನಲ್ಲಿ ಬರುವ ಹೆಸರು ನ್ಯೂರೋಫೈಬ್ರೊಮಟೋಸಿಸ್ ಟೈಪ್ 1, ಚಿಕ್ಕದಾಗಿ ಎನ್‌ಎಫ್1. ನರಗಳ ಸುತ್ತ ಮೆತ್ತನೆ ಗಡ್ಡೆ ಬೆಳೆಯುವ ಸ್ಥಿತಿ. ಸುಮಾರು 3,000 ಮಂದಿಯಲ್ಲಿ ಒಬ್ಬರಿಗೆ ಇರುತ್ತದೆ. 17ನೇ ಕ್ರೋಮೊಸೋಮಿನ (ಜೀನ್‌ಗಳು ಕೂತಿರುವ ಎಳೆಯ) ಒಂದು ಜೀನ್ ಕೆಟ್ಟಿರುವುದು ಕಾರಣ. ಸಂತೆಯಲ್ಲಿ, ಬಸ್ಸಿನಲ್ಲಿ ಮೈತುಂಬ ಮೆತ್ತನೆ ಗಂಟುಗಳಿರುವ ದೊಡ್ಡವರನ್ನು ನೀವು ನೋಡಿರಬಹುದು. ಅಂಟುತ್ತದೆ ಎಂದು ಜನ ಪಕ್ಕ ಕೂರುವುದಿಲ್ಲ. ಅದು ಅಂಟುವುದಿಲ್ಲ.

ಮಕ್ಕಳಲ್ಲಿ ಗಂಟು ಮೊದಲು ಬರುವುದಿಲ್ಲ, ಕಲೆ ಮೊದಲು. ಆಮೇಲೆ ಮೂರು ನಾಲ್ಕು ವರ್ಷದ ಸುಮಾರಿಗೆ ಕಂಕುಳು, ತೊಡೆಸಂದಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಕಂದು ಚುಕ್ಕೆಗಳು. ಬಿಸಿಲು ಬೀಳದ ಜಾಗದಲ್ಲಿ ಚುಕ್ಕೆ ಬರುವುದೇ ವಿಶೇಷ. ಚರ್ಮದ ಮೆತ್ತನೆ ಗಂಟುಗಳು ಹೆಚ್ಚಾಗಿ ಹರೆಯದ ಹೊತ್ತಿಗೆ. ಆದರೆ ಪ್ಲೆಕ್ಸಿಫಾರ್ಮ್ ಎಂಬ ಇನ್ನೊಂದು ಬಗೆ ಹುಟ್ಟಿನಿಂದಲೇ ಇರುತ್ತದೆ. ಚರ್ಮದಡಿ ನೂಲಿನ ಉಂಡೆಗಳನ್ನು ತುಂಬಿಸಿಟ್ಟ ಹಾಗೆ ಕೈಗೆ ಸಿಗುತ್ತದೆ. ಮೇಲಿನ ಚರ್ಮ ಕಂದಾಗಿ, ಕೂದಲು ಜಾಸ್ತಿ ಇರಬಹುದು.

ಇದರ ಜೊತೆ ನೋಡಬೇಕಾದ್ದು: ಕಾಲಿನ ಮೂಳೆ ಬಾಗಿದೆಯಾ, ಬೆನ್ನು ಓರೆಯಾಗಿದೆಯಾ, ಓದಿನಲ್ಲಿ ಗಮನ ನಿಲ್ಲುತ್ತಿಲ್ಲವಾ, ಕಣ್ಣು ಮಂಜಾಗಿದೆಯಾ ಅಥವಾ ಮುಂದೆ ಚಾಚಿಕೊಂಡಿದೆಯಾ. ಕಣ್ಣಿನ ನರದ ಮೇಲೆ ಗಡ್ಡೆ ಬರುವುದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ. ಅದಕ್ಕೆ ಸುಮಾರು 8 ವರ್ಷದವರೆಗೆ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸುವುದು ತಪ್ಪಬಾರದು. ಬ್ಲಡ್ ಪ್ರೆಶರ್ ಕೂಡ ವರ್ಷಾ ವರ್ಷಾ ನೋಡಿಸಿ. ಮಗುವಿಗೆ ಎಂಥ ಬಿಪಿ ಎಂದು ನಗುವವರಿದ್ದಾರೆ. ಎನ್‌ಎಫ್1 ಇರುವ ಮಕ್ಕಳಲ್ಲಿ ಮೂತ್ರಪಿಂಡದ ರಕ್ತನಾಳ ಕಿರಿದಾಗಿ ಬಿಪಿ ಏರುವುದುಂಟು.

ಎರಡು ಎಡವಟ್ಟು ಸಾಮಾನ್ಯ. ಒಂದು, ಆರು ಕಲೆ ಕಂಡ ಕೂಡಲೇ ಇದೇ ಎಂದು ತೀರ್ಮಾನಿಸುವುದು. ಇದೇ ಕಲೆಗಳು ಬಂದು ಗಡ್ಡೆಗಳೇ ಬಾರದ ಲೀಜಿಯಸ್ ಸಿಂಡ್ರೋಮ್ ಎಂಬುದೂ ಇದೆ. 2021ರಲ್ಲಿ ಎನ್‌ಎಫ್1 ಗುರುತಿಸುವ ನಿಯಮಗಳನ್ನು ತಿದ್ದಿದಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇನ್ನೊಂದು, "ಗಂಟು ಬಿನೈನ್" ಎಂದರೆಂದು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕದಿರುವುದು. ಮೊದಲಿದ್ದ ಗಂಟು ಸರಸರನೆ ಬೆಳೆದರೆ, ಗಟ್ಟಿಯಾದರೆ, ರಾತ್ರಿ ನಿದ್ದೆ ಕೆಡಿಸುವಷ್ಟು ನೋವಾದರೆ ಅದೇ ವಾರ ತೋರಿಸಬೇಕು. ಎನ್‌ಎಫ್1ರಲ್ಲಿ ಕೆಲವು ಗಡ್ಡೆ ಮುಂದೆ ಕ್ಯಾನ್ಸರ್ ಆಗುವುದುಂಟು.

6. ಬಿಳಿ ಕಲೆ, ಬೆಚ್ಚಿಬೀಳುವುದು: ಇಲ್ಲಿ ದಿನಗಳ ಲೆಕ್ಕ

ಮಕ್ಕಳ ಬಿಳಿ ಕಲೆಗೆ ನಮ್ಮಲ್ಲಿ ಮೂರು ವಿವರಣೆ ಸಿದ್ಧವಿರುತ್ತದೆ: ಹೊಟ್ಟೆಹುಳ, ಕ್ಯಾಲ್ಸಿಯಂ ಕಡಿಮೆ, ತೊನ್ನು. ಕೆನ್ನೆಯ ಮೇಲಿನ ಮಸುಕು, ಸಿಪ್ಪೆ ಏಳುವ ಬಿಳುಪು ಒಣ ಚರ್ಮದ್ದು, ಹೆದರಬೇಡಿ. ಚಿಬ್ಬು ಬೇರೆ, ಅದು ಬೆವರಿನ ಕಾಲದ ಫಂಗಸ್. ಗಮನಿಸಬೇಕಾದ್ದು ಹುಟ್ಟಿನಿಂದ ಅಥವಾ ಮೊದಲ ತಿಂಗಳುಗಳಿಂದ ಇರುವ, ಉದ್ದನೆಯ ಎಲೆಯ ಆಕಾರದ ಬಿಳಿ ಕಲೆ. ಪೂರ್ತಿ ಹಾಲುಬಿಳುಪಲ್ಲ, ಬಣ್ಣ ಕಡಿಮೆ ಅಷ್ಟೇ. 5 ಮಿಲಿಮೀಟರ್ ಅಥವಾ ದೊಡ್ಡದು 3 ಅಥವಾ ಹೆಚ್ಚು ಇದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಇದೆಯಾ ಎಂದು ನೋಡುತ್ತಾರೆ. ಮಿದುಳು, ಹೃದಯ, ಮೂತ್ರಪಿಂಡ, ಚರ್ಮದಲ್ಲಿ ಬಿನೈನ್ ಗಡ್ಡೆ ಬೆಳೆಯುವ ಸ್ಥಿತಿ ಇದು. ಚರ್ಮದ ಡಾಕ್ಟರು ಕತ್ತಲೆ ಕೋಣೆಯಲ್ಲಿ ನೇರಳೆ ಬೆಳಕಿನ ದೀಪ ಹಿಡಿದು ನೋಡುತ್ತಾರೆ, ಕಲೆ ಎದ್ದು ಕಾಣುತ್ತದೆ. ನೋವಿಲ್ಲ.

ಈಗ ಮುಖ್ಯವಾದದ್ದು. ಇಂಥ ಮಕ್ಕಳಲ್ಲಿ ಹಲವರಿಗೆ ಮೊದಲ ವರ್ಷದಲ್ಲೇ ಒಂದು ಬಗೆಯ ಫಿಟ್ಸ್ ಬರುತ್ತದೆ. ನೀವು ಅಂದುಕೊಂಡಂಥ ಫಿಟ್ಸ್ ಅಲ್ಲ. ಮಗು ನಿದ್ದೆಯಿಂದ ಎದ್ದ ಹೊತ್ತಿಗೆ ತಟ್ಟನೆ ಕುತ್ತಿಗೆ ಬಗ್ಗಿಸಿ, ಎರಡೂ ಕೈ ಚಾಚಿ, ಮೈ ಮುದುಡುತ್ತದೆ. ಒಂದೆರಡು ಸೆಕೆಂಡ್. ಸರಿಯಾಯಿತು ಅನ್ನುವಷ್ಟರಲ್ಲಿ ಮತ್ತೆ. ಹೀಗೆ ಸಾಲಾಗಿ ಹತ್ತು, ಇಪ್ಪತ್ತು ಸಲ. ಮನೆಯವರು ಹೊಟ್ಟೆನೋವು ಎನ್ನುತ್ತಾರೆ, ಬೆಚ್ಚಿಬಿತ್ತು ಎನ್ನುತ್ತಾರೆ, ಹಿರಿಯರು ಬಾಲಗ್ರಹ ಎಂದು ನೂಲು ಕಟ್ಟಿಸುತ್ತಾರೆ. ನೂಲು ಕಟ್ಟಿಸಿ, ನನಗೇನೂ ಜಗಳವಿಲ್ಲ. ಆದರೆ ಮೊದಲು ಮೊಬೈಲಿನಲ್ಲಿ ವಿಡಿಯೋ ತೆಗೆದು ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ಇದು ಮಿದುಳಿನ ಬೆಳವಣಿಗೆಯನ್ನು ತಡೆಯುತ್ತದೆ. ಬೇಗ ಮದ್ದು ಶುರುವಾದಷ್ಟೂ ಒಳ್ಳೆಯದು. ಟ್ಯೂಬರಸ್ ಸ್ಕ್ಲೆರೋಸಿಸ್‌ನ ಈ ಫಿಟ್ಸ್‌ಗೆ ವಿಗಾಬಟ್ರಿನ್ ಎಂಬ ಮದ್ದು ಚೆನ್ನಾಗಿ ನಡೆಯುತ್ತದೆ.

ಸ್ವಲ್ಪ ದೊಡ್ಡವರಲ್ಲಿ ಮೂಗಿನ ಎರಡೂ ಬದಿ, ಕೆನ್ನೆಯ ಮೇಲೆ ಕೆಂಪು ಗುಳ್ಳೆಗಳು ಕಾಣುತ್ತವೆ. ಐದು ವರ್ಷದ ಮಗುವಿಗೆ ಮೊಡವೆ ಬರುವುದಿಲ್ಲ, ಅಲ್ವಾ? ಆದರೂ ಮೆಡಿಕಲ್‌ನಲ್ಲಿ ಮೊಡವೆ ಕ್ರೀಮ್ ತಂದು ವರ್ಷಗಟ್ಟಲೆ ಹಚ್ಚಿದವರಿದ್ದಾರೆ. ಇವು ಆಂಜಿಯೋಫೈಬ್ರೋಮ ಎಂಬ ಸಣ್ಣ ಗಡ್ಡೆಗಳು. ಸಿರೋಲಿಮಸ್ ಎಂಬ ಹಚ್ಚುವ ಮದ್ದಿನಿಂದ ಇಳಿಯುತ್ತವೆ. ಉಗುರಿನ ಬುಡದಿಂದ ಏಳುವ ಮಾಂಸದ ಮೊಳಕೆ, ಸೊಂಟದ ಮೇಲೆ ಕಿತ್ತಳೆ ಸಿಪ್ಪೆಯಂಥ ದಪ್ಪ ಚರ್ಮವೂ ಇದೇ ಗುಂಪಿನವು.

7. ಗಟ್ಟಿ ಗಂಟು, ಎಣ್ಣೆಗಂಟು, ಹಳದಿ ಗಂಟು

ಕೆನ್ನೆ, ಕುತ್ತಿಗೆ, ತೋಳಿನಲ್ಲಿ ಹುಣಸೆಬೀಜದಷ್ಟು ಗಟ್ಟಿ, ಒತ್ತಿದರೆ ಒಂದು ಬದಿ ಏಳುವ ಗಂಟು ಹೆಚ್ಚಾಗಿ ಪೈಲೋಮೆಟ್ರಿಕೋಮ. ಒಂದಿದ್ದರೆ ತೆಗೆಸಿ ಮರೆತುಬಿಡಿ. ನಾಲ್ಕಾರು ಇದ್ದರೆ ಅಥವಾ ಮನೆಯಲ್ಲಿ ಬೇರೆಯವರಿಗೂ ಇದ್ದರೆ ಡಾಕ್ಟರಿಗೆ ಹೇಳಿ. ಅವರು ಒಂದು ವಿಚಿತ್ರ ಪ್ರಶ್ನೆ ಕೇಳಬಹುದು: "ಮನೆಯಲ್ಲಿ ಯಾರಿಗಾದರೂ ಬಿಗಿ ಹಿಡಿದ ಕೈ ಬೇಗ ಬಿಡಿಸಲು ಆಗುವುದಿಲ್ಲವಾ?" ಅದು ಸ್ನಾಯುಗಳ ಒಂದು ವಂಶರೋಗದ ಸುಳಿವು. ಸುಮ್ನೆ ಕೇಳಿದ್ದಲ್ಲ.

ಚರ್ಮದಡಿಯ ಎಣ್ಣೆಗಂಟು (ಸಿಸ್ಟ್) ಹರೆಯಕ್ಕೆ ಮೊದಲೇ ಮುಖ, ತಲೆಯಲ್ಲಿ ಹಲವು ಬಂದರೆ, ದವಡೆಯ ಮೂಳೆಯಲ್ಲಿ ಉಬ್ಬು ಇದ್ದರೆ, ಲೆಕ್ಕಕ್ಕಿಂತ ಹೆಚ್ಚು ಹಲ್ಲಿದ್ದರೆ ಗಾರ್ಡ್ನರ್ ಸಿಂಡ್ರೋಮ್ ಎಂಬ ಹೆಸರು ಬರುತ್ತದೆ. ದೊಡ್ಡ ಕರುಳಿನಲ್ಲಿ ನೂರಾರು ಸಣ್ಣ ಗಡ್ಡೆ ಬೆಳೆದು, ನೋಡಿಕೊಳ್ಳದಿದ್ದರೆ ನಡುವಯಸ್ಸಿನೊಳಗೆ ಕ್ಯಾನ್ಸರ್ ಆಗುವುದು ಬಹುತೇಕ ಖಚಿತ. ಅದಕ್ಕೆ 10–12 ವರ್ಷದಿಂದಲೇ ಕರುಳನ್ನು ಕೊಳವೆ ಹಾಕಿ ನೋಡಲು ಶುರು ಮಾಡುತ್ತಾರೆ. ಅಪರೂಪ. ಆದರೆ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಕರುಳಿನ ಕ್ಯಾನ್ಸರ್ ಆದವರಿದ್ದರೆ ಮುಚ್ಚಿಡಬೇಡಿ.

ಹಳದಿ ಗಂಟು ನಿಜವಾಗಿ ಗಡ್ಡೆಯೇ ಅಲ್ಲ, ಕೊಬ್ಬಿನ ಶೇಖರಣೆ. ಮೊಣಕೈ, ಮೊಣಕಾಲು, ಕುಂಡೆ, ಬೆರಳಿನ ಗಿಣ್ಣು, ಹಿಮ್ಮಡಿಯ ಹಿಂದೆ ಹಳದಿ ಉಬ್ಬು ಕಂಡರೆ ಮೊದಲು ಯಾವುದಾದರೂ ಲ್ಯಾಬಿನಲ್ಲಿ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಮಕ್ಕಳಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 400, 500 ದಾಟಿರುತ್ತದೆ. ಹೃದಯದ ತೊಂದರೆ ಶಾಲೆಯ ವಯಸ್ಸಿನಲ್ಲೇ ಬರಬಹುದು. ಗಂಟು ಕೊಯ್ಯಿಸಿ ಚೆಂದ ಮಾಡಿಸಿದರೆ ಏನೂ ಆಗಲಿಲ್ಲ, ರಕ್ತ ಹಾಗೇ ಇರುತ್ತದೆ.

8. ಒಂದೇ ಇದ್ದರೂ ಕಾಯಬಾರದ ಜಾಗಗಳು

ಮೂಗಿನ ನಡು ಗೆರೆಯ ಮೇಲಿನ ಗಂಟು ಅಥವಾ ಕೂದಲು ಹೊರಬರುವ ಸಣ್ಣ ತೂತು ಒಳಗೆ ಮಿದುಳಿನವರೆಗೆ ದಾರಿ ಹೊಂದಿರಬಹುದು. ಬೆನ್ನ ಕೆಳಗೆ ನಡು ಗೆರೆಯ ಮೇಲೆ ಮೆತ್ತನೆ ಗಂಟು, ಕೂದಲಿನ ಗೊಂಚಲು, ಗುಳಿ ಇದ್ದರೆ ಬೆನ್ನುಹುರಿ ಅಂಟಿಕೊಂಡಿರಬಹುದು. ಇವನ್ನು ಒತ್ತಬೇಡಿ, ಚುಚ್ಚಬೇಡಿ. ಸ್ಕ್ಯಾನ್ ಆಗದೆ ಯಾರಿಂದಲೂ ಕೊಯ್ಯಿಸಬೇಡಿ. ಅಂಗೈಗಿಂತ ದೊಡ್ಡ ಹುಟ್ಟುಮಚ್ಚೆ, ಕೆಳಗಿನ ಮಾಂಸಕ್ಕೆ ಅಂಟಿ ಅಲ್ಲಾಡದ ಗಟ್ಟಿ ಗಂಟು, ವಾರ ವಾರಕ್ಕೆ ಬೆಳೆಯುವ ಗಂಟು, ಇವೂ ಕಾಯಬಾರದವು.

9. ಎಲ್ಲಿಗೆ ಹೋಗಬೇಕು, ಏನು ಹಿಡಿದು ಹೋಗಬೇಕು

ಸೀದಾ ಮಂಗಳೂರು ಬಸ್ ಹತ್ತಬೇಕೆಂದಿಲ್ಲ. ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ನರ್ಸ್‌ಗೆ ಮೊದಲು ತೋರಿಸಬಹುದು. 18 ವರ್ಷದವರೆಗಿನ ಮಕ್ಕಳ ಹುಟ್ಟುದೋಷ, ಬೆಳವಣಿಗೆಯ ತೊಂದರೆ ಗುರುತಿಸಿ ಮುಂದೆ ಕಳಿಸಲೆಂದೇ 2013ರಲ್ಲಿ ಶುರುವಾದ ಸರಕಾರಿ ಯೋಜನೆ ಅದು. ಅಲ್ಲಿಂದ ತಾಲೂಕು ಆಸ್ಪತ್ರೆ, ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಚರ್ಮ, ಮಕ್ಕಳು, ಕಣ್ಣು, ಮೂರೂ ವಿಭಾಗ ಒಂದೇ ಕಡೆ ಬೇಕಾದರೆ ಕಣ್ಣೂರು ಜಿಲ್ಲೆಯ ಪರಿಯಾರಂ ಅಥವಾ ಮಂಗಳೂರಿನ ಮೆಡಿಕಲ್ ಕಾಲೇಜುಗಳು. ಜೀನ್ ವಿಷಯಕ್ಕೇ ಬೇರೆ ವಿಭಾಗ ಮಣಿಪಾಲದ ಮೆಡಿಕಲ್ ಕಾಲೇಜಿನಲ್ಲಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ತಿರುವನಂತಪುರದ ಎಸ್‌ಎಟಿ ಆಸ್ಪತ್ರೆ ಇದೆ.

ಕಾರ್ಡಿನ ವಿಷಯ ಮೊದಲೇ ವಿಚಾರಿಸಿ. ಕೇರಳದ ಇನ್ಶೂರೆನ್ಸ್ ಕಾರ್ಡು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ, ಆ ಚಿಕಿತ್ಸೆಗೆ ನಡೆಯುತ್ತದೆಯಾ ಎಂದು ಹೊರಡುವ ಮುಂಚೆ ಫೋನ್ ಮಾಡಿ. ಕೌಂಟರಿನಲ್ಲಿ ನಿಂತು ತಿಳಿದುಕೊಳ್ಳುವುದು ಬೇಡ.

ಡಾಕ್ಟರು ಮಲಯಾಳಂ ಮಾತ್ರ ಮಾತಾಡುವವರಾದರೆ ಗಾಬರಿ ಬೇಡ. ಗಂಟಿಗೆ 'ಮುಳ', ಕಲೆಗೆ 'ಪಾಡ್', ಮಚ್ಚೆಗೆ 'ಮರುಗ್', ಫಿಟ್ಸ್‌ಗೆ 'ಅಪಸ್ಮಾರಂ'. ಉಳಿದದ್ದು ನಿಮ್ಮ ಫೋಟೋ, ನೋಟ್‌ಬುಕ್ ಹೇಳುತ್ತದೆ. ಎಣಿಕೆಗೆ ಭಾಷೆ ಬೇಡವಲ್ಲ.

ಫೈಲಿನ ಎರಡು ಪ್ರತಿ ಮಾಡಿ, ಒಂದು ಮನೆಯಲ್ಲಿರಲಿ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಗುವಿನ ದಾಖಲೆಯೆಲ್ಲ ಆಚೆ ಕಡೆಯ ಆಸ್ಪತ್ರೆಯಲ್ಲಿ ಉಳಿದು, ಈಚೆ ಕಡೆಯ ಡಾಕ್ಟರಿಗೆ ಮೊದಲಿಂದ ಎಲ್ಲ ಹೇಳಬೇಕಾದವರು ನನಗೆ ಗೊತ್ತು.

10. ತೆಗೆಸುವ ಮೊದಲು, ತೆಗೆಸಿದ ಮೇಲೆ

ತೆಗೆಸಲೇಬೇಕಾ ಎಂದು ಕೇಳಿ. ನರದ ಮೇಲಿನ ಗಡ್ಡೆ ಕೊಯ್ದರೆ ಆ ನರದ ಕೆಲಸವೇ ಹೋಗಬಹುದು. ಕೊಯ್ಯಲಾಗದ ಪ್ಲೆಕ್ಸಿಫಾರ್ಮ್ ಗಡ್ಡೆಗಳಿಗೆ ಸೆಲುಮೆಟಿನಿಬ್ ಎಂಬ ನುಂಗುವ ಮದ್ದು ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆಯಿತು. ಬೆಲೆ ವಿಪರೀತ. ಆದರೂ ಹೆಸರು ಗೊತ್ತಿರಲಿ.

ತೆಗೆದ ಗಂಟನ್ನು ಎಸೆಯಲು ಬಿಡಬೇಡಿ. ಅದು ಕೊಳೆಯದಂತೆ ಇಡುವ ಫಾರ್ಮಲಿನ್ ದ್ರವ ತುಂಬಿದ ಡಬ್ಬಿಯಲ್ಲಿ ಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಲ್ಯಾಬಿಗೆ ಹೋಗಬೇಕು. ನಮ್ಮ ಮನೆಯ ಒಂದು ಮಗುವಿಗೇ ಹೀಗಾಯಿತು. ಒಂದು ಕ್ಲಿನಿಕ್ಕಿನಲ್ಲಿ ಕುತ್ತಿಗೆಯ ಗಂಟು ತೆಗೆದು "ಏನಿಲ್ಲ, ಕೊಬ್ಬು" ಎಂದು ಕಸದ ಬುಟ್ಟಿಗೆ ಹಾಕಿದರು. ವರ್ಷದ ನಂತರ ಅದೇ ಜಾಗದಲ್ಲಿ ಮತ್ತೆ ಬಂದಾಗ ಹಳೆಯದು ಏನೆಂದು ಹೇಳಲು ಒಂದು ಕಾಗದವೂ ಇರಲಿಲ್ಲ. ನರ್ಸ್ ಆಗಿದ್ದ ನನಗೂ ಆ ಹೊತ್ತಿಗೆ ಕೇಳಬೇಕೆಂದು ಹೊಳೆಯಲಿಲ್ಲ.

11. ಜೀನ್ ಪರೀಕ್ಷೆ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕೆಲವು ಎಂಎಲ್ ರಕ್ತ ಸಾಕು. ರಿಪೋರ್ಟಿಗೆ ವಾರಗಟ್ಟಲೆ ಕಾಯಬೇಕು. ಮಾಡಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಒಟ್ಟು ಎಷ್ಟು ಖರ್ಚು, ಯಾವ ಜೀನ್ ನೋಡುತ್ತಾರೆ, ರಿಪೋರ್ಟ್ ಬಂದ ಮೇಲೆ ಕೂತು ವಿವರಿಸುವವರು ಯಾರು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಅಲ್ಲಿ ಮಾಡಿಸಬೇಡಿ.

ರಿಪೋರ್ಟಿನಲ್ಲಿ ಪೆಥೋಜೆನಿಕ್ ಎಂದರೆ ರೋಗಕ್ಕೆ ಕಾರಣವಾದ ಬದಲಾವಣೆ ಸಿಕ್ಕಿತು ಎಂದು. ವಿಯುಎಸ್ ಎಂದರೆ ಬದಲಾವಣೆ ಇದೆ, ಅದರ ಅರ್ಥ ಈಗ ಹೇಳಲಾಗದು ಎಂದು. ವಿಯುಎಸ್ ಹಿಡಿದು ದೊಡ್ಡ ತೀರ್ಮಾನಕ್ಕೆ ಇಳಿಯಬೇಡಿ. ನೆಗೆಟಿವ್ ಎಂದರೆ ರೋಗ ಇಲ್ಲ ಎಂದೂ ಅಲ್ಲ. ಟ್ಯೂಬರಸ್ ಸ್ಕ್ಲೆರೋಸಿಸ್ ಖಚಿತವಾಗಿ ಇರುವವರಲ್ಲೂ ಶೇ 10ರಿಂದ 15 ಮಂದಿಯಲ್ಲಿ ಸಾಮಾನ್ಯ ಪರೀಕ್ಷೆಗೆ ಏನೂ ಸಿಗುವುದಿಲ್ಲ.

ಜೀನ್ ಕೆಟ್ಟಿದೆ ಎಂದರೆ ವಂಶದಿಂದ ಬಂತು ಎಂದಲ್ಲ. ಎನ್‌ಎಫ್1 ಇರುವವರಲ್ಲಿ ಸುಮಾರು ಅರ್ಧದಷ್ಟು, ಟ್ಯೂಬರಸ್ ಸ್ಕ್ಲೆರೋಸಿಸ್ ಇರುವವರಲ್ಲಿ ಮೂರರಲ್ಲಿ ಎರಡು ಪಾಲು, ಆ ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆ. ಇನ್ನು ಕಲೆಗಳು ಮೈಯ ಒಂದೇ ಭಾಗದಲ್ಲಿ, ಒಂದು ಪಟ್ಟಿಯ ಹಾಗೆ ಇದ್ದರೆ ಬದಲಾವಣೆ ಆ ಭಾಗದ ಜೀವಕೋಶಗಳಲ್ಲಿ ಮಾತ್ರ ಇರಬಹುದು. ಇದಕ್ಕೆ ಮೊಸಾಯಿಕ್ ಎನ್ನುತ್ತಾರೆ. ರಕ್ತದಲ್ಲಿ ಅದು ಸಿಗದೇ ಹೋಗಬಹುದು, ಚರ್ಮದ ಚೂರು ಬೇಕಾಗುತ್ತದೆ.

12. ಮನೆಯವರ ಮೈಯನ್ನೂ ನೋಡಿ, ದೂರುವುದನ್ನು ಬಿಡಿ

ಅಪ್ಪ, ಅಮ್ಮ, ಅಣ್ಣ ತಂಗಿಯರ ಚರ್ಮ, ಕಣ್ಣು ನೋಡಿಸಬೇಕು. ಒಂದೇ ಜೀನ್ ಬದಲಾವಣೆ ಅಪ್ಪನಲ್ಲಿ ಬರೀ ಏಳೆಂಟು ಕಲೆಯಾಗಿ, ಮಗನಲ್ಲಿ ದೊಡ್ಡ ಗಡ್ಡೆಯಾಗಿ ಕಾಣಬಹುದು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಎನ್‌ಎಫ್1 ಅಥವಾ ಟ್ಯೂಬರಸ್ ಸ್ಕ್ಲೆರೋಸಿಸ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂತು, ಇನ್ನು ಎರಡನೆಯದಕ್ಕೆ ಬಾರದು ಎಂಬ ಲೆಕ್ಕ ನಡೆಯುವುದಿಲ್ಲ. ಇನ್ನೊಂದು ಮಗು ಬೇಕೆಂದಿದ್ದರೆ ಬಸಿರಾಗುವ ಮೊದಲೇ ಜೆನೆಟಿಕ್ಸ್ ಡಾಕ್ಟರ ಹತ್ತಿರ ಮಾತಾಡಿ.

ಸೋದರಮಾವನ, ಸೋದರತ್ತೆಯ ಮಕ್ಕಳ ಮದುವೆ ಕಾರಣವಾ ಎಂದು ಕೇಳುತ್ತಾರೆ. ಎನ್‌ಎಫ್1, ಟ್ಯೂಬರಸ್ ಸ್ಕ್ಲೆರೋಸಿಸ್, ಗಾರ್ಡ್ನರ್, ಮೂರಕ್ಕೂ ಸಾಮಾನ್ಯವಾಗಿ ಒಂದೇ ಕಡೆಯಿಂದ ಬಂದ ಒಂದು ಕೆಟ್ಟ ಪ್ರತಿ ಸಾಕು. ಸಂಬಂಧದೊಳಗಿನ ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಹಳದಿ ಗಂಟಿನ ಆ ಕೊಲೆಸ್ಟ್ರಾಲ್ ರೋಗದ ತೀವ್ರ ಬಗೆಗೆ ಎರಡೂ ಕಡೆಯ ಪ್ರತಿ ಬೇಕು, ಅಲ್ಲಿ ಮಾತ್ರ ಸಂಬಂಧ ಇದೆ. ಗ್ರಹಣದ ದಿನ ಬಸುರಿ ಹೊರಗೆ ಬಂದದ್ದು ಕಾರಣವಲ್ಲ. ನಾಗದೋಷ ಎಂದರೆ ಆಶ್ಲೇಷ ಬಲಿ ಮಾಡಿಸಿ, ಆದರೆ ಅದು ಮುಗಿಯಲಿ ಎಂದು ಆಸ್ಪತ್ರೆಯ ತಾರೀಕು ಮುಂದೆ ಹಾಕಬೇಡಿ.

ಇನ್ನೊಂದು ಪ್ರಶ್ನೆ ನಮ್ಮ ಜಿಲ್ಲೆಯದ್ದೇ: "ಎಂಡೋಸಲ್ಫಾನ್‌ನಿಂದ ಬಂದದ್ದಾ?" ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿದ ಊರಿನಲ್ಲಿ ಈ ಪ್ರಶ್ನೆ ಹುಟ್ಟದಿದ್ದರೇ ಆಶ್ಚರ್ಯ. ಎನ್‌ಎಫ್1, ಟ್ಯೂಬರಸ್ ಸ್ಕ್ಲೆರೋಸಿಸ್ ಆ ವಿಷ ಬೀಳದ ದೇಶಗಳಲ್ಲೂ ಇದೆ. ಆ ವಿಷ ಬಿದ್ದ ಎಣ್ಮಕಜೆಯ ಮಗುವನ್ನೂ ಮೊದಲು ಜೀನ್ ಕೋನದಿಂದ ನೋಡಿಸಿ. "ಅದು ಎಂಡೋಸಲ್ಫಾನಿನದ್ದು, ಏನೂ ಮಾಡಲಾಗದು" ಎಂದು ಕೈಚೆಲ್ಲಿ, ಗುಣ ಕಾಣಬಹುದಾದ ಫಿಟ್ಸ್ ಹಾಗೇ ಬಿಟ್ಟ ಮನೆಗಳ ಬಗ್ಗೆ ನನಗೆ ಬೇಸರವಿದೆ.

ಶಾಲೆಯಲ್ಲಿ ಟೀಚರಿಗೆ ಎರಡು ಮಾತು ಹೇಳಿಡಿ: ಇದು ಅಂಟುವುದಿಲ್ಲ, ಮತ್ತು ಓದು ಹಿಂದುಳಿದರೆ ಸೋಮಾರಿತನ ಎಂದು ಬೈಯುವ ಮೊದಲು ನಮಗೆ ತಿಳಿಸಿ.

ಒಂದೆರಡೇ ಕಲೆ ಇರುವ ಮಗುವಾದರೆ ಪ್ರತಿ ಹುಟ್ಟುಹಬ್ಬದಂದು ಒಮ್ಮೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎನ್‌ಎಫ್1 ಇದ್ದರೆ ಎಂಟು ವರ್ಷದೊಳಗೆ ಬಹುತೇಕ ಮಕ್ಕಳಲ್ಲಿ ಅದನ್ನು ಗುರುತಿಸುವಷ್ಟು ಲಕ್ಷಣ ಕಾಣಿಸಿಕೊಂಡಿರುತ್ತದೆ.

ನನಗೆ ಫೋಟೋ ಕಳಿಸುವವರು ಇನ್ನು ಮುಂದೆ ಸ್ಕೇಲ್ ಇಟ್ಟು ತೆಗೆದು ಕಳಿಸಿ. ಮಗುವಿನ ಹೆಸರು ಬೇಡ, ಮುಖ ಕಾಣುವುದೂ ಬೇಡ. ಮಗು ಸಾಲಾಗಿ ಬೆಚ್ಚಿಬೀಳುವ ವಿಡಿಯೋ ಮಾತ್ರ ನನಗೆ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಅದನ್ನು ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಹೊರಡಿ.